ನೋಡದೆ ಸೈನ್ ಹಾಕದ ಮಾವ

"ಮಾವ, ಪ್ಲಗ್ ಕಿತ್ತುಬಿಡ್ತೀನಿ."

"ಕೈ ಇಟ್ಟೆ ಅಂದ್ರೆ ನೋಡು. ಬಿಡು, ಹೋಗ್ಲಿ."

ಪ್ರಿಂಟರ್ ಪೇಪರ್ ಉಗುಳ್ತಾನೇ ಇದೆ. ಒಂದು ಹಾಳೆಗೆ ಒಂದೇ ಸಾಲು, ಅದೂ ಯಾವ ಭಾಷೇನೋ ದೇವ್ರಿಗೇ ಗೊತ್ತು. ಅಂಗಡಿ ಮುಂದೆ ಏಳೆಂಟು ಜನ ನಿಂತವ್ರೆ. ಎಲ್ಲ ತೆಂಗಿನ ತೋಟದೋರು, ಜಮೀನಿನ ಕಾಗದ ಪ್ರಿಂಟ್ ತಗೊಂಡು ತಾಲ್ಲೂಕು ಆಫೀಸಿಗೆ ಓಡ್ಬೇಕಾದೋರು. ಅದ್ರಲ್ಲೊಬ್ರು, "ಎನ್ನ ತಂಬಿ, ಊರುಕ್ಕೆಲ್ಲಾಂ ನೋಟೀಸಾ?" ಅಂತ, ಊರಿಗೆಲ್ಲ ನೋಟೀಸ್ ಹಂಚ್ತೀಯಾ ಅಂತ ನಗ್ತಾರೆ. ಪೇಪರ್ ದುಡ್ಡು ನಂದು. ಮಾವ ಮಾತ್ರ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು, ಬಿದ್ದ ಒಂದೊಂದು ಹಾಳೇನೂ ಎತ್ತಿ ಬೆಳಕಿಗೆ ಹಿಡ್ದು ನೋಡ್ತಾರೆ. ಮಕದಲ್ಲಿ ಮೊಮ್ಮಗು ನೋಡ್ದಂಗೆ ಖುಷಿ.

ಪೇಪರ್ ಮುಗೀತು, ಅದಾಗೇ ನಿಲ್ತು.

"ಚೆನ್ನಾಗಿದೆ," ಅಂದ್ರು. "ಇನ್ನೊಂದ್ಸಲ ಇದೇ ತರ ಕೆಡ್ಸು."

"ಕೆಟ್ಟಿದ್ದನ್ನ ಮತ್ತೆ ಕೆಡಿಸ್ಬೇಕಾ?"

"ಒಂದ್ಸಲ ಕೆಟ್ರೆ ಹಣೆಬರಹ. ಅದೇ ತರ ಎರಡ್ಸಲ ಕೆಟ್ರೆ ಅದು ತಪ್ಪು. ತಪ್ಪಾದ್ರೆ ಸರಿ ಮಾಡ್ಬೋದು."

ಇಂಥ ಮನುಷ್ಯ ಅವರು. ನಾನು ಜೆರಾಕ್ಸ್ ಅಂಗಡಿ ಇಟ್ಟಿರೋದು ಉಡುಮಲೈಪೇಟೆ ಸಂತೆ ರಸ್ತೇಲಿ. ಪಕ್ಕದ್ದು ಅವರ ಮೋಟರ್ ವೈಂಡಿಂಗ್ ಅಂಗಡಿ. ತೋಟದ ಬೋರ್ ಮೋಟರ್ ಸುಟ್ಟೋದ್ರೆ ಅಲ್ಲಿಗೆ ಬರುತ್ತೆ. ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡೋದು. ನನ್ ಸ್ವಂತ ಮಾವ ಅಲ್ಲ. ನಮ್ ಜನ, ವಯಸ್ಸಾದೋರು, ಅದ್ಕೆ ಮಾವ. ನಮ್ಮೋರು ಕನ್ನಡ ಮಾತಾಡೋದು ಮನೆ ಒಳಗೆ. ಹೊಸ್ಲು ದಾಟಿದ್ರೆ ತಮಿಳು. ಅಂಗಡೀಲಿ ನಾವಿಬ್ರೂ ಕನ್ನಡ ಮಾತಾಡಿದ್ರೆ ಬಂದೋರು, ಏನೋ ನಮ್ಗೆ ಟೋಪಿ ಹಾಕೋ ಪ್ಲಾನು ಅನ್ಕೊಳ್ತಿದ್ರು.

ಅವರು ಐ.ಟಿ.ಐ. ಓದಿದೋರು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು. ಅದಕ್ಕೇ ದೊಡ್ಡ ದೊಡ್ಡ ಮಾತು ಬರಲ್ಲ, ತಿಳ್ದಷ್ಟು ಹೇಳ್ತೀನಿ.

ಕಂಪ್ಯೂಟರ್ ಆನ್ ಮಾಡಿದ್ರೆ ಮೊದ್ಲು ಏಳೋದು ಒಂದಿರುತ್ತಲ್ಲ, ಆಪರೇಟಿಂಗ್ ಸಿಸ್ಟಮ್ಮು. ಅದು ಎದ್ರೇನೇ ಮಿಕ್ಕಿದ್ದೆಲ್ಲ. ಕಂಪ್ನಿಯೋರು ಅದನ್ನ ಮಾರ್ತಾರೆ. ಇನ್ನೊಂದು ತರದ್ದಿದೆ. ಅದು ಯಾರ್ದೂ ಅಲ್ಲ. ಲೋಕದ ಮೂಲೆ ಮೂಲೇಲಿರೋ ಜನ ಸಂಬ್ಳ ಇಲ್ದೆ ಸೇರಿ ಮಾಡ್ತಾರೆ, ಯಾರ್ ಬೇಕಾದ್ರೂ ತಗೋಬೋದು. ಅದ್ರಲ್ಲಿ ಸಾವಿರಾರು ತುಂಡು. ಒಂದೊಂದು ತುಂಡಿಗೂ ಒಬ್ಬ ದಿಕ್ಕು. ಅದ್ರಲ್ಲಿ ಒಂದು ತುಂಡಿಗೆ ದಿಕ್ಕು ನಮ್ ಮಾವ. ಹಳೇ ಪ್ರಿಂಟರ್‌ಗಳನ್ನ ಓಡ್ಸೋ ತುಂಡು. ಮಾಡಿದ ಕಂಪ್ನಿನೇ ಕೈ ಬಿಟ್ಟ ಪ್ರಿಂಟರ್‌ಗಳು. ನನ್ ಅಂಗಡೀದು ಅಂಥದ್ದೇ ಒಂದು, ಕೋವೈಲಿ, ಅಂದ್ರೆ ಕೊಯಮತ್ತೂರಲ್ಲಿ, ಸೆಕೆಂಡ್ ಹ್ಯಾಂಡಲ್ಲಿ ಹಿಡ್ದಿದ್ದು. ಅವರ ಸಿಸ್ಟಮ್ಮಲ್ಲಿ ಮಾತ್ರ ಓಡ್ತಿತ್ತು. ಅದಕ್ಕೇ ಅವರ ಕಾಟ ತಡ್ಕೊಂಡಿದ್ದೆ. ಬೇರೆ ಭಕ್ತಿ ಗಿಕ್ತಿ ಏನಿಲ್ಲ.

ಅವರ ಕಂಪ್ಯೂಟರ್ ಇದ್ದಿದ್ದು ವೈಂಡಿಂಗ್ ಮೆಷಿನ್ ಪಕ್ಕ, ಮುಚ್ಚಳ ಬಿಚ್ಕೊಂಡು. ವಾರ್ನಿಷ್ ಮೆತ್ತಿದ ಎರಡೇ ಬೆರಳಲ್ಲಿ ಕುಟ್ಟೋರು. ಕೀಗಳ ಮೇಲೆ ಅಕ್ಷರ ಒಂದೂ ಕಾಣ್ತಿರ್ಲಿಲ್ಲ. ಪೆನ್ಸಿಲ್ ಕಿವಿ ಮೇಲೆ ಇಟ್ಕೊಂಡು ಪೆನ್ಸಿಲ್ ಹುಡ್ಕೋರು. ಮೋಟರ್ ಕೊಡೋಕೆ ಮುಂಚೆ ತೋಟದೋರನ್ನ ಕೂರ್ಸಿ, ಓಡ್ಸಿ, ಮೀಟರ್ ಮುಳ್ಳು ಅವರ ಕಣ್ಣಿಗೆ ಹಿಡ್ದು, "ನೋಡಿದ್ರಾ? ಈಗ ಸೈನ್ ಹಾಕ್ತೀನಿ," ಅಂತ ಗ್ಯಾರಂಟಿ ಚೀಟಿಗೆ ಸೈನ್ ಹಾಕೋರು. ಅಲ್ಲಿ ನೀರಿಲ್ದೆ ಗಿಡ ಒಣಗ್ತಿದೆ, ಇಲ್ಲಿ ಇವರ ಮುಳ್ಳಿನ ದರ್ಶನ. ಎಷ್ಟೋ ಜನ ಬೇರೆ ಅಂಗಡಿಗೆ ಹೋಗಿಬಿಟ್ರು.

ನಾನು ಕೆಣಕ್ತಿದ್ದೆ. "ಯಾರು ಮಾವ ನಿಮ್ ಪ್ರಿಂಟರ್ ಪ್ರೋಗ್ರಾಂ ಉಪಯೋಗ್ಸೋದು?"

"ನೀನು."

"ನನ್ ಬಿಟ್ಟು?"

"ಗೊತ್ತಿಲ್ಲ. ಚೆನ್ನಾಗಿ ಓಡ್ತಿದ್ರೆ ಯಾರೂ ಕಾಗದ ಬರೆಯಲ್ಲ."

ಅಷ್ಟು ವರ್ಷ ದುಡ್ದೋರಿಗೆ ಲೆಕ್ಕಕ್ಕೆ ಸಿಕ್ಕ ಗಿರಾಕಿ ಅಂದ್ರೆ ನಾನೊಬ್ಬ. ಅದೂ ಗೊಣಗೋ ಗಿರಾಕಿ.

ಮುಂಚೆ ಅವರು ಸೂಲೂರು ಕಡೆ ಒಂದು ನೂಲಿನ ಮಿಲ್ಲಲ್ಲಿ ಎಲೆಕ್ಟ್ರಿಷಿಯನ್. ಒಳ್ಳೆ ಕೆಲ್ಸ, ಕ್ವಾರ್ಟರ್ಸು. ಬೆಂಕಿ ಅಲಾರಂ ಚೆಕ್ ಮಾಡಾಯ್ತು ಅಂತ ರಿಜಿಸ್ಟ್ರಲ್ಲಿ ಸೈನ್ ಹಾಕು ಅಂದ್ರಂತೆ. ಇವರು, ಮೆಷಿನ್ ನಿಲ್ಸಿ, ನೋಡ್ತೀನಿ, ಆಮೇಲೆ ಹಾಕ್ತೀನಿ ಅಂದ್ರಂತೆ. ಮೆಷಿನ್ ನಿಲ್ಸೋಕಾಗಲ್ಲ, ಬರೀ ಸೈನು ಅಂದ್ರಂತೆ. ಬರೀ ಸೈನು ಅಂತ ಒಂದಿಲ್ಲ ಅಂದ್ರಂತೆ. ಆ ತಿಂಗಳೇ ಪೆಟ್ಟಿಗೆ ಕಟ್ಕೊಂಡು ಊರಿಗೆ ಬಂದ್ರು. ಇದನ್ನ ನಂಗೆ ಹೇಳಿದ್ದು ಅವರ ಹೆಂಡ್ತಿ, ನಮ್ಮತ್ತೆ. ನನ್ನ ಪ್ರೀತಿಗೆ ಕಣ್ಣು ಅಂತ ಕರೆಯೋರು.

"ಎಲ್ರೂ ಸೈನ್ ಹಾಕ್ತಾರೆ, ಕಣ್ಣು. ಇವ್ರಿಗೇನು ಕೈ ಸವ್ದೋಗುತ್ತಾ?"

ನಂಗೂ ಹಂಗೇ ಅನ್ಸಿತ್ತು. ಅಲಾರಂ ಹೊಡೀದಿದ್ರೆ ಮಿಲ್ಲೋರ ಹಣೆಬರಹ.

ತಮಾಷೆ ಏನಪ್ಪ ಅಂದ್ರೆ, ಸೈನ್ ಹಾಕದೆ ಕೆಲ್ಸ ಕಳ್ಕೊಂಡ ಮನುಷ್ಯನ ಸೈನಿಗೆ ಆ ಫ್ರೀ ಸಿಸ್ಟಮ್ಮಲ್ಲಿ ಅಷ್ಟು ಬೆಲೆ. ಅಲ್ಲಿ ಯಾರ್ ಏನ್ ಕಳ್ಸಿದ್ರೂ ಕಂಪ್ಯೂಟರಲ್ಲೇ ಒಂದು ತರ ಸೈನ್ ಹಾಕಿ ಕಳಿಸ್ಬೇಕು. ನಾನು ನೋಡಿದೀನಿ, ಸರಿಯಾಗಿದೆ ಅಂತ. ಆ ಸೈನ್ ಇದ್ರೆ ಲೋಕದಲ್ಲೆಲ್ಲ ನಂಬಿ ತಗೋತಾರೆ. ಅತ್ತೆ ಅನ್ನೋರು, "ಲೋಕಕ್ಕೆಲ್ಲ ಇವ್ರು ಸೈನ್ ಹಾಕ್ತಾರೆ, ರೇಷನ್ ಅಂಗಡಿ ಮೆಷಿನ್ನಿಗೆ ಮಾತ್ರ ನಂದೇ ಹೆಬ್ಬೆಟ್ಟು."

ಈಗ ಆ ಪ್ರಿಂಟರ್ ಉಗುಳಿದ ವಿಷ್ಯಕ್ಕೆ ಬರ್ತೀನಿ. ಎರಡು ಮಗ್ಗುಲೂ ಪ್ರಿಂಟ್ ಹಾಕಿದ್ರೆ ಮಾತ್ರ ಆ ರೋಗ. ಆ ಟೈಮಿಗೆ ಸಿಸ್ಟಮ್ಮಿನ ಹೊಸ ಪತಿಪ್ಪು ಬರೋದಿತ್ತು. ಹೊಸ ಮಾಡಲ್ ಅನ್ಕೊಳ್ಳಿ. ಅದಕ್ಕೊಂದು ಗಡುವು. ಗಡುವೊಳಗೆ ರೋಗ ವಾಸಿ ಆಗ್ದಿದ್ರೆ ಮಾವನ ತುಂಡನ್ನೇ ಎತ್ತಿ ಆಚೆ ಹಾಕ್ತಾರೆ. ಹಾಕಿದ್ರೆ ನನ್ ಪ್ರಿಂಟರ್ ಗುಜರಿ. ಮಾವನ ಅಷ್ಟು ವರ್ಷದ ಕೆಲ್ಸಾನೂ ಗುಜರಿ.

ಮೂರು ವಾರ ಕೂತು ಸರಿ ಮಾಡಿದ್ರು. ಆವಾಗ್ಲೇ ಒಂದಿನ ವೋಲ್ಟೇಜ್ ಏರಿ ಅವರ ಕಂಪ್ಯೂಟರ್ ಡಿಸ್ಕ್ ಸುಟ್ಟೋಯ್ತು. ಊರಿನ ಮೋಟರ್‌ಗೆಲ್ಲ ಕಾವಲು ಹಾಕಿಕೊಡೋ ಎಲೆಕ್ಟ್ರಿಷಿಯನ್ನು, ತನ್ನದಕ್ಕೆ ಹಾಕಿರ್ಲಿಲ್ಲ. ಹೊಸ ಡಿಸ್ಕ್ ಹಾಕಿದ್ರು. ಕೆಲ್ಸದ ಕಾಪಿ ಬೇರೆ ಕಡೆ ಇಟ್ಟಿದ್ರು, ಉಳೀತು. ಆ ಸೈನು ಮಾತ್ರ ಸುಟ್ಟ ಡಿಸ್ಕಲ್ಲೇ ಇತ್ತು, ಹೋಯ್ತು. ಹೊಸ ಸೈನ್ ಮಾಡ್ಕೋಬೋದು, ಆದ್ರೆ ಅದನ್ನ ನಂಬ್ಬೇಕಾದ್ರೆ ಅವರ ಪೈಕಿ ಒಬ್ರು ನಿಮ್ಮನ್ನ ಎದುರಿಗೆ ಕೂರ್ಸಿ, ಮುಖ ನೋಡಿ, ಗೌರ್ಮೆಂಟ್ ಕಾರ್ಡ್ ನೋಡಿ, ಹೌದು ಇವ್ರೇ ಅವ್ರು ಅಂತ ಒಪ್ಬೇಕು. ಹತ್ರದಲ್ಲಿ ಇದ್ದಿದ್ದು ಒಬ್ಬನೇ. ಕೋವೈ ಆಫೀಸಲ್ಲಿ ಕೆಲ್ಸ ಮಾಡೋ ಹಾಸನದ ಕಡೆ ಹುಡುಗ. ಗಡುವಿನ ದಿನ, ಬುಧವಾರ, ಬನ್ನಿ ಸರ್ ಅಂದಿದ್ದ.

ಬುಧವಾರ ಬೆಳಗಿನ ಜಾವ ಮೊದಲ್ನೇ ಬಸ್ಸಿಗೆ ಮುಂಚೆ ನನ್ ಮನೆ ಬಾಗ್ಲಿಗೆ ಬಂದು ಪೆನ್ ಡ್ರೈವ್ ಕೊಟ್ರು. ಎರಡು ಮಗ್ಗುಲು ಪ್ರಿಂಟ್ ಆಗೋ ಮೆಷಿನ್ ನಮ್ ರಸ್ತೇಲಿ ನಂದೊಂದೇ.

"ಇದ್ರಲ್ಲಿ ದೊಡ್ಡ ಫೈಲ್ ಇದೆ. ಎರಡು ಮಗ್ಗುಲೂ ಹಾಕು. ಮುಂದೆ ಕೂತ್ಕೊಂಡು ಕೊನೇ ಹಾಳೆವರೆಗೂ ನೋಡು. ಕಣ್ಣಲ್ಲಿ ನೋಡು, ಟೀ ಕುಡಿಯೋಕ್ಕೆ ಹೋಗ್ಬೇಡ."

"ಸೆರಿ ಮಾವ, ಹೋಗಿ."

ಕೋವೈಲಿ ನಡೆದಿದ್ದು ನಂಗೆ ಆಮೇಲೆ ಆ ಹುಡುಗನೇ ಹೇಳಿದ್ದು. ಆಫೀಸ್ ಎದ್ರು ಟೀ ಅಂಗಡೀಲಿ ಕೂತ್ರಂತೆ. ಎಂಟು ವರ್ಷ ಇಬ್ರೂ ಇಂಗ್ಲಿಷಲ್ಲೇ ಬರ್ಕೊಂಡೋರು. ಮಾವ ಟೀಗೆ ಊದ್ತಾ, ಯಾರಿಗೂ ಅಲ್ದಂಗೆ, "ಅಬ್ಬ, ಏನ್ ಬಿಸಿ," ಅಂದ್ರಂತೆ.

"ಸರ್, ನೀವು ಕನ್ನಡದೋರಾ?"

"ಮನೇಲಿ."

ಒಂದು ಗಂಟೆ ಪ್ರಿಂಟರ್ ಮಾತು. ಆಮೇಲೆ ಕಾರ್ಡ್ ತೆಗ್ದು ಟೇಬಲ್ ಮೇಲಿಟ್ರಂತೆ. ನಮ್ಮೂರಲ್ಲಿ ಯಾವ ಆಫೀಸಿಗೆ ಹೊರಟ್ರೂ ಕೈ ಮೊದ್ಲು ಹೋಗೋದು ರೇಷನ್ ಕಾರ್ಡಿಗೆ. ಮಾವಂದೂ ಹಂಗೇ ಹೋಗಿದೆ. ಆ ಕಾರ್ಡಲ್ಲಿ ಕುಟುಂಬದ ತಲೆ ಅಂತ ಫೋಟೋ ಇರೋದು ಅತ್ತೇದು. ದೊಡ್ಡ ಕುಂಕುಮ ಇಟ್ಕೊಂಡು ಅತ್ತೆ ಆ ಹುಡುಗನ್ನ ನೋಡ್ತಾವ್ರೆ.

ಹುಡುಗ ನಕ್ಕುಬಿಟ್ನಂತೆ. "ಪರವಾಗಿಲ್ಲ ಸರ್. ನೀವೇ ಅಂತ ನಂಗೆ ಗೊತ್ತು."

"ಹೆಂಗ್ ಗೊತ್ತು? ಇವತ್ತೇ ಮೊದಲ್ನೇ ಸಲ ನೋಡ್ತಿರೋದು."

"ಈ ಪ್ರಿಂಟರ್ ಬಗ್ಗೆ ಒಂದು ಗಂಟೆ ಲೋಕದಲ್ಲಿ ಇನ್ಯಾರ್ ಸರ್ ಮಾತಾಡ್ತಾರೆ?"

"ಈ ಕಾರ್ಡ್ ನೋಡಿ ನೀವು ಒಪ್ಪಿದ್ರೆ ನನ್ ಹೆಂಡ್ತೀನ ಒಪ್ದಂಗೆ. ಅವಳಿಗೆ ಪ್ರಿಂಟರ್ ಗೊತ್ತಿಲ್ಲ."

"ಮನೆಯಿಂದ ಬೇರೆ ಕಾರ್ಡ್ ಫೋಟೋ ತೆಗ್ದು ಫೋನಿಗೆ ಕಳ್ಸೋಕ್ಕೆ ಹೇಳಿ ಸರ್, ಸಾಕು."

"ಫೋಟೋದ ಫೋಟೋ ನೋಡಿದ್ರೆ ನೋಡ್ದಂಗಾ?" ಅಂತ ಎದ್ದೇಬಿಟ್ರಂತೆ.

ಕೋವೈಯಿಂದ ಪೊಳ್ಳಾಚಿ, ಪೊಳ್ಳಾಚಿಯಿಂದ ಉಡುಮಲೈ, ಅಲ್ಲಿಂದ ಅಮರಾವತಿ ಡ್ಯಾಮ್ ಕಡೆ ಅವರ ಹಳ್ಳಿಗೆ ಇನ್ನೊಂದು ಬಸ್ಸು. ಮನೇಲಿ ವೋಟರ್ ಕಾರ್ಡ್ ತಗೊಂಡು, ಊಟ ಇಲ್ಲ, ತಿರ್ಗಾ ಅಷ್ಟೂ ಬಸ್ಸು. ಹುಡುಗ ಪಾಪ ಕಾಯ್ತಿದ್ದ. ಈ ಸಲ ಕಾರ್ಡನ್ನ ಅವನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದ್ರಂತೆ. ಟೀ ಅಂಗಡಿಯೋನು ಇವರು ಲೋನ್ ಕೇಳೋಕ್ಕೆ ಬಂದವ್ರೆ ಅನ್ಕೊಂಡ್ನಂತೆ. ಹುಡುಗ ನೋಡ್ದ, ಒಪ್ದ. "ನೀವು ಹೊಸ ಸೈನ್ ಹಾಕಿ ಕಳ್ಸಿ ಸರ್. ಎಂಟು ಗಂಟೆಗೆ ಬಾಗ್ಲು ಮುಚ್ಚುತ್ತೆ. ಅದ್ರೊಳಗೆ ನಾನು ಏರಿಸ್ತೀನಿ."

ಮಾವ ವಾಪಸ್ ನನ್ ಅಂಗಡಿಗೆ ಬಂದಾಗ ಆರು ಗಂಟೆ. ಕಾಲು ಊದ್ಕೊಂಡು ಚಪ್ಲಿ ಕೈಯಲ್ಲಿ ಹಿಡ್ಕೊಂಡಿದ್ರು.

"ಹಾಕಿದ್ಯಾ?"

"ಹಾಕ್ದೆ ಮಾವ."

"ಎರಡು ಮಗ್ಗುಲೂ?"

"ಎರಡೂ. ಪಷ್ಟಾಗಿ ಬಂತು."

"ಕೊನೇ ಹಾಳೆವರೆಗೂ ನೋಡಿದ್ಯಾ?"

"ನೋಡ್ದೆ."

"ಹಾಳೆ ಎಲ್ಲಿ?"

"ಬಜ್ಜಿ ಅಂಗಡಿಗೆ ಕೊಟ್ಬಿಟ್ಟೆ."

ದಿನಾ ವೇಸ್ಟ್ ಪೇಪರ್ ಹೋಗೋದು ಅಲ್ಲಿಗೇ. ಅದಕ್ಕೇ ನಂಬಿದ್ರು. ಮಾವ ನಕ್ರು. ಅವರ ಅಂಗಡಿಗೆ ಹೋಗಿ ಎರಡು ಬೆರಳಲ್ಲಿ ಕುಟ್ಟೋಕ್ಕೆ ಕೂತ್ರು. ಅಲ್ಲಿಂದ್ಲೇ ಕೂಗಿದ್ರು. ಪರೀಕ್ಷೆ ಮಾಡಿದೋರು ಅಂತ ನಿನ್ ಹೆಸರು ಹಾಕಿದೀನಿ, ಇನ್ಮೇಲೆ ಅದು ಅಳ್ಸೋಕ್ಕಾಗಲ್ಲ, ಗುಡಿ ಗಂಟೆ ಮೇಲೆ ಕೆತ್ತಿದಂಗೆ ಅಂತ. ನಾನು ಆಗ್ಲೇ ಶಟರ್ ಎಳೀತಿದ್ದೆ. ಆರೂವರೆಗೆ ಸಿನಿಮಾ. ಫ್ರೆಂಡ್ಸು ಟಿಕೆಟ್ ತೆಗ್ದು ನಿಂತಿದ್ರು.

ಪೆನ್ ಡ್ರೈವ್ ನಾನು ಮೆಷಿನ್ನಿಗೆ ಹಾಕೇ ಇರ್ಲಿಲ್ಲ.

ಅವತ್ತು ಒಂಬತ್ತರಿಂದ ಐದರವರೆಗೂ ಸಂತೆ ಕಡೆ ಕರೆಂಟೇ ಇರ್ಲಿಲ್ಲ. ತಿಂಗಳಿಗೊಂದಿನ ಲೈನ್ ರಿಪೇರಿಗೆ ನಿಲ್ಲಿಸ್ತಾರಲ್ಲ, ಅದು. ಅವರ ಹಳ್ಳಿದು ಬೇರೆ ಲೈನು, ಅಲ್ಲಿ ಇತ್ತು, ಅದಕ್ಕೇ ಮಾವಂಗೆ ಗೊತ್ತಾಗ್ಲಿಲ್ಲ. ಐದಕ್ಕೆ ಕರೆಂಟ್ ಬಂತು, ಜನಾನೂ ಬಂದ್ರು. ಕರೆಂಟ್ ಇರ್ಲಿಲ್ಲ ಮಾವ, ಈಗ ಹಾಕಿ ನೋಡ್ಕೊಳ್ಳಿ ಅಂತ ಹೇಳಿದ್ರೆ ಮುಗೀತಿತ್ತು. ಎಂಟರವರೆಗೆ ಟೈಮಿತ್ತು. ಆದ್ರೆ ಅವರು ಒಂದೊಂದು ಹಾಳೇನೂ ಬೆಳಕಿಗೆ ಹಿಡಿಯೋರು. ನನ್ ಸಿನಿಮಾ ಹೋಗೋದು. ಇದೇ ಕಾರಣ, ಬೇರೆ ಇಲ್ಲ. ಸಿನಿಮಾನೂ ಚೆನ್ನಾಗಿರ್ಲಿಲ್ಲ.

ಹೊಸ ಪತಿಪ್ಪು ಬಂತು. ವಾರದೊಳಗೆ ಮಾವನ ಈಮೇಲಿಗೆ ಕಾಗದ ಬರೋಕ್ಕೆ ಶುರುವಾಯ್ತು. ಮಾವ ನನ್ ಅಂಗಡೀಲೇ ಪ್ರಿಂಟ್ ತಗೊಂಡು, ಸ್ಟೂಲ್ ಮೇಲೆ ಕೂತು ಕನ್ನಡದಲ್ಲಿ ಹೇಳೋರು. ಯಾವ್ದೋ ದೇಶದ ಲೈಬ್ರರಿ, ಪೇಪರ್ ಉಗುಳ್ತಿದೆ. ಯಾವ್ದೋ ಮಲೆ ಮೇಲಿನ ಸ್ಕೂಲು, ಪರೀಕ್ಷೆ ದಿನ ಪೇಪರ್ ಪೂರ್ತಿ ಖಾಲಿ. ಒಬ್ಬ ಮುದುಕ, ಹೆಂಡ್ತಿ ಬರ್ದ ಅಡುಗೆ ಪುಸ್ತಕ ಪ್ರಿಂಟ್ ತೆಗೀತಿದ್ದೋನು. ಲೋಕದಲ್ಲಿ ಇಷ್ಟು ಜನ ಈ ಹಳೇ ಡಬ್ಬ ಇಟ್ಕೊಂಡವ್ರೆ ಅಂತ ಅವರಿಗೂ ಗೊತ್ತಿರ್ಲಿಲ್ಲ. ಚೆನ್ನಾಗಿ ಓಡ್ದಾಗ ಒಬ್ಬನೂ ಬರೀಲಿಲ್ಲ, ಕೆಟ್ಟಾಗ ಎಲ್ರೂ ಬರ್ದ್ರು. ಮಾವಂಗೆ ಬೇಜಾರಾಗೋ ಬದ್ಲು ಒಂದು ತರ ಗರ್ವ ಬಂದಂಗಿತ್ತು. "ಇದು ಯಾವ ದೇಶ ಗೊತ್ತಾ? ಮ್ಯಾಪಲ್ಲಿ ನೋಡ್ದೆ, ಸಣ್ಣ ತೀವು." ದ್ವೀಪ ಅನ್ನೋಕ್ಕೆ ನಮ್ ಮನೆ ಮಾತು ಅದು.

ನಾನೇ ಬಾಯಿ ಹಾಕ್ದೆ. "ನನ್ ಮೆಷಿನಲ್ಲಿ ಅವತ್ತು ಚೆನ್ನಾಗೇ ಬಂತು ಮಾವ. ಅವರದ್ರಲ್ಲೇ ಏನೋ ಕೋಳಾರು, ಏನೋ ಕೆಟ್ಟಿದೆ."

ಮಾವ ತಲೆ ಎತ್ತಿ ನೋಡಿದ್ರು. ನನ್ನಲ್ಲ, ನನ್ ಹಿಂದೆ ಗೋಡೇನ.

"ಅವತ್ತು ಬುಧವಾರ ಅಲ್ವಾ?"

"ಹೂಂ."

"ಸೆರಿ," ಅಂತ ಕಾಗದ ಮಡಚ್ಕೊಂಡು ಎದ್ದೋದ್ರು.

ನಾನು ತಿರುಗಿ ನೋಡ್ದೆ. ಹಿಂದೆ ಕ್ಯಾಲೆಂಡ್ರು. ಗಿರಾಕಿಗಳಿಗೆ ತಿಳೀಲಿ ಅಂತ ಆ ಬುಧವಾರಕ್ಕೆ ಕೆಂಪು ಸ್ಕೆಚ್ ಪೆನ್ನಲ್ಲಿ ಸುತ್ತು ಹಾಕಿ, ಕರೆಂಟ್ ಇಲ್ಲ, ಒಂಬತ್ತರಿಂದ ಐದು ಅಂತ ತಮಿಳಲ್ಲಿ ದೊಡ್ಡಕ್ಕೆ ಬರ್ದಿದ್ದೋನು ನಾನೇ.

ಬಯ್ತಾರೆ ಅಂತ ಕಾದೆ. ಬಯ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಂದು, ಪೇಪರ್ ತುಂಬ್ಸು ಅಂದ್ರು. ಎರಡು ದಿನ ನನ್ ಮೆಷಿನ್ ಮುಂದೆ ಕೂತು ಆ ರೋಗದ ಬೇರು ಹಿಡಿದ್ರು. ಕೊನೇಗೆ ಆ ದೊಡ್ಡ ಫೈಲು ಎರಡು ಮಗ್ಗುಲೂ ಹಾಕ್ಸಿ, ಮೊದಲ್ನೇ ಹಾಳೆಯಿಂದ ಕೊನೇದ್ರವರೆಗೂ ನನ್ನ ಪಕ್ಕ ಕೂರ್ಸಿ ನೋಡಿಸಿದ್ರು. ನನ್ ಕಣ್ಣು ಉರೀತಿತ್ತು. ಎದ್ದು ಹೋಗೋಕ್ಕೆ ಧೈರ್ಯ ಬರ್ಲಿಲ್ಲ. ಸರಿಯಾಗಿ ಬಂತು. ಮಾವ ಹೋಗಿ ಸೈನ್ ಹಾಕಿ ಕಳ್ಸಿದ್ರು. ಅದ್ರಲ್ಲೂ ಪರೀಕ್ಷೆ ಮಾಡಿದೋರು ಅಂತ ನನ್ ಹೆಸರೇ ಹಾಕಿದ್ರು.

ಅದ್ರ ಜೊತೆ ಎಲ್ರಿಗೂ ಒಂದು ಕಾಗದ. ಕೋವೈ ಹುಡುಗ ಓದಿ ಹೇಳ್ದ. "ಹೋದ ಸಲ ನಾನು ನೋಡದೆ ಸಹಿ ಹಾಕಿದೆ. ತಪ್ಪು ನನ್ನದು. ನನ್ನ ಸಹಿಗೆ ಇನ್ನು ಬೆಲೆ ಇಲ್ಲ. ಈ ತುಂಡನ್ನು ಬೇರೆ ಯಾರಾದರೂ ನೋಡಿಕೊಳ್ಳಿ." ನನ್ ಬಗ್ಗೆ ಒಂದಕ್ಷರ ಇಲ್ಲ.

ಯಾರೂ ದಿಕ್ಕಿಲ್ಲದ ತುಂಡಿಗೆ ಅವರಲ್ಲಿ ಅನಾಥ ಅಂತ ಚೀಟಿ ಅಂಟಿಸ್ತಾರಂತೆ. ಅಂಟಿಸಿದ್ರು. ಹುಡುಗ ಎರಡು ಸಲ ಬಸ್ ಹತ್ತಿ ಬಂದು ಕೇಳ್ಕೊಂಡ. "ಸರ್, ತಪ್ಪು ಎಲ್ರೂ ಮಾಡ್ತಾರೆ."

"ತಪ್ಪು ಮಾಡ್ಬೋದು. ಸೈನ್ ಹಾಕಿ ಮಾಡ್ಬಾರ್ದು," ಅಂದ್ರು. ಆಮೇಲೆ ಅವನಿಗೆ ಬಜ್ಜಿ ತರ್ಸಿಕೊಟ್ರು. ಅವನೇ ಕೊನೇಗೆ ಆ ತುಂಡನ್ನ ದತ್ತು ತಗೊಂಡ.

ಮಾವ ಆಮೇಲೂ ದಿನಾ ಬಂದು ನನ್ ಸ್ಟೂಲ್ ಮೇಲೆ ಟೀ ಕುಡಿಯೋರು. ಬುಧವಾರದ ಮಾತು ಎತ್ತಲೇ ಇಲ್ಲ. ನಾನೂ ಕೆಣಕೋದು ಬಿಟ್ಟೆ. ವರ್ಷ ತುಂಬೋಕ್ಕೆ ಮುಂಚೆ, ಹೋದ ತೈ ತಿಂಗಳು, ನಮ್ ಪೊಂಗಲ್ ತಿಂಗಳು, ಎದೆ ನೋವು ಅಂತ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ. ಅಂಗಡೀಲಿ ಎರಡು ಮೋಟರ್ ಅರ್ಧ ಸುತ್ತಿದಂಗೇ ಇತ್ತು.

ಹೋದ ವಾರ ಅತ್ತೆ ಬಂದಿದ್ರು. ರೇಷನ್ ಕಾರ್ಡಿಂದ ಅವ್ರ ಹೆಸ್ರು ತೆಗೀಬೇಕಂತೆ ಕಣ್ಣು, ಅರ್ಜಿ ಹಾಕ್ಕೊಡು ಅಂದ್ರು. ಆ ಪ್ರಿಂಟರಲ್ಲೇ ತೆಗ್ದೆ, ಎರಡು ಮಗ್ಗುಲು. ಚೆನ್ನಾಗಿ ಬಂತು.

"ಎಲ್ಲಿ ಸೈನ್ ಹಾಕ್ಬೇಕು?"

"ಮೊದ್ಲು ಓದಿ ಅತ್ತೆ."

"ನೀನು ಹಾಕಿದ್ರೆ ಸರಿಯಾಗೇ ಇರುತ್ತೆ ಬಿಡು."

"ಇಲ್ಲ, ಓದಿ," ಅಂದೆ. ಅವರಿಗೆ ಕೋಪ ಬಂತು. ನೀನೂ ಅವ್ರ ತರಾನೇ ಆಗ್ಬಿಟ್ಯಲ್ಲ ಅಂತ ಬಯ್ಕೊಂಡು, ಕನ್ನಡಕ ಹುಡುಕಿ ಓದಿದ್ರು.

ಇದನ್ನೆಲ್ಲ ನಾನು ಹೇಳ್ತಾ ಇದೀನಿ, ಕೋವೈ ಹುಡುಗ ಎದ್ರಿಗೆ ಕೂತು ಬರ್ಕೊಳ್ತಾವ್ನೆ. ನಂಗೆ ಕನ್ನಡ ಓದೋಕ್ಕೆ ಬರೆಯೋಕ್ಕೆ ಬರಲ್ಲ. ಆ ಸಿಸ್ಟಮ್ ಮಾಡೋ ಕೂಟದೋರು ಮಾವನ ಬಗ್ಗೆ ನಾಲ್ಕು ಒಳ್ಳೆ ಮಾತು ಕೇಳಿದಾರಂತೆ, ಪಕ್ಕದ ಅಂಗಡಿಯೋನು ನೀನಲ್ವಾ, ನೀನೇ ಹೇಳು ಅಂದ. ಬುಧವಾರದ್ದು ಹೇಳೋವಾಗ ಅವನು ಬರೆಯೋದು ನಿಲ್ಸಿ ನನ್ ಮುಖ ನೋಡ್ದ. ಬರಿ ಅಂದೆ.

ಆ ಸಿಸ್ಟಮ್ಮಲ್ಲಿ ನನ್ ಹೆಸರು ಎರಡು ಕಡೆ ಇದೆ, ಯಾರ್ ಬೇಕಾದ್ರೂ ನೋಡ್ಬೋದು. ಒಂದು ನಿಜ, ಒಂದು ಸುಳ್ಳು. ನೋಡೋಕ್ಕೆ ಎರಡೂ ಒಂದೇ ತರ ಇವೆ. ಮೊದಲ್ನೇದು ಸುಳ್ಳು. ನೋಡಿದೀನಿ ಅಂದೋನು ನಾನು, ನೋಡಿರ್ಲಿಲ್ಲ. ಮಾವ ತಪ್ಪು ಮಾಡ್ಲಿಲ್ಲ. ನನ್ನ ನಂಬಿದ್ರು, ಅಷ್ಟೇ.

ಹುಡುಗ ಈಗ, ಓದಿ ಹೇಳ್ಲಾ, ಸರಿಯಾಗಿದ್ಯಾ ನೋಡ್ತೀಯಾ ಅಂತ ಕೇಳ್ತಾವ್ನೆ. ಓದು, ಕೊನೇವರೆಗೂ ಓದು, ಕೂತಿರ್ತೀನಿ ಅಂದೆ. ಸೇರ್ಸೋಕ್ಕೆ ನನ್ ಹತ್ರ ಇನ್ನೇನೂ ಇಲ್ಲ.